ಫ್ಯಾನ್ ಸದ್ದು ಹೋಗಲಿ, ಮಾವನವರ ಧ್ವನಿ ಉಳಿಯಲಿ

ಮನೆಯಲ್ಲೇ ಪಾಡ್‌ಕಾಸ್ಟ್ ಮಾಡುವವರ ಪತ್ರಗಳೇ ಈ ಸಲ ಜಾಸ್ತಿ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಕೆಲವನ್ನು ಆರಿಸಿಕೊಂಡಿದ್ದೇನೆ. ರೆಕಾರ್ಡ್ ಆದ ಮೇಲೆ ಏನು ಮಾಡಬೇಕು ಅನ್ನುವುದೇ ಎಲ್ಲರ ತಲೆಬಿಸಿ.

ಪ್ರಶ್ನೆ: ನಮ್ಮ ಮಾವನವರು ಹತ್ತಿ ಗಿರಣಿಯಲ್ಲಿ ದುಡಿದವರು. ಅವರ ಹಳೇ ಕತೆಗಳನ್ನು ಹಾಲ್‌ನಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಹಿಂದೆ ಫ್ಯಾನ್ ಸದ್ದು. ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿದೆ. ಫ್ಯಾನ್ ಹೋಯಿತು, ಆದರೆ ಮಾವ ನೀರೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಏನು ಮಾಡಲಿ ಸರ್?
— ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉತ್ತರ: ನೀವು ಫ್ಯಾನ್ ಸದ್ದನ್ನು ಪೂರ್ತಿ ಅಳಿಸಲು ಹೋಗಿದ್ದೀರಿ ಮೇಡಂ, ಅಷ್ಟೇ. ನಾಯ್ಸ್ ರಿಡಕ್ಷನ್ ಕೆಲಸ ಮಾಡುವುದು ಹೀಗೆ. ಮಾತಿಲ್ಲದ ಒಂದು ತುಣುಕನ್ನು ನೀವು ಅದಕ್ಕೆ ತೋರಿಸುತ್ತೀರಿ, ಅದೇ ನಾಯ್ಸ್ ಪ್ರೊಫೈಲ್. ಆಮೇಲೆ ಅದು ಇಡೀ ರೆಕಾರ್ಡಿಂಗನ್ನು ಸಣ್ಣ ಸಣ್ಣ ಕಂಪನಾಂಕದ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಸದ್ದು ಆ ಪ್ರೊಫೈಲಿಗಿಂತ ಹೆಚ್ಚಿಲ್ಲವೋ ಅದನ್ನೆಲ್ಲ ತಗ್ಗಿಸುತ್ತಾ ಹೋಗುತ್ತದೆ. ಮಾವನವರು ಮೆತ್ತಗೆ ಮಾತಾಡಿದ ಕಡೆ ಅವರ ದನಿಯೂ ಫ್ಯಾನಿನ ಮಟ್ಟದಲ್ಲೇ ಇರುತ್ತದಲ್ವಾ, ಅಲ್ಲಿ ಅದಕ್ಕೆ ಯಾವುದು ಫ್ಯಾನು ಯಾವುದು ಮಾವ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತಿನ್ನುತ್ತದೆ. ಆ ನೀರಿನ ಸದ್ದು ಬರುವುದು ಹಾಗೆ.

ಆದ್ದರಿಂದ ಕಡಿತವನ್ನು 6ರಿಂದ 9 ಡೆಸಿಬೆಲ್‌ಗೆ ಇಳಿಸಿ. ಫ್ಯಾನ್ ಸ್ವಲ್ಪ ಕೇಳಲಿ ಬಿಡಿ. ನಿಮ್ಮ ಪಾಡ್‌ಕಾಸ್ಟ್ ಕೇಳುವವರು ಅಡುಗೆ ಮನೆಯಲ್ಲೋ, ಹರಿಹರದ ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೋ ಇರುತ್ತಾರೆ. ಅಲ್ಲಿ ಮಂದವಾದ ಫ್ಯಾನು ಯಾರ ಗಮನಕ್ಕೂ ಬರುವುದಿಲ್ಲ, ಕೆಟ್ಟುಹೋದ ದನಿ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಮುಂದಿನ ಸಲ ರೆಕಾರ್ಡ್ ಶುರು ಮಾಡುವಾಗ ಹತ್ತು ಸೆಕೆಂಡು ಯಾರೂ ಮಾತಾಡಬೇಡಿ, ಫ್ಯಾನ್ ಎಷ್ಟರಲ್ಲಿದೆಯೋ ಅಷ್ಟರಲ್ಲೇ ಇರಲಿ. ಅದೇ ನಿಮ್ಮ ಪ್ರೊಫೈಲ್. ಮಧ್ಯದಲ್ಲಿ ರೆಗ್ಯುಲೇಟರ್ ತಿರುಗಿಸಿದರೆ ಸದ್ದಿನ ಗುಣವೇ ಬದಲಾಗುತ್ತದೆ, ಪ್ರೊಫೈಲ್ ಕೆಲಸಕ್ಕೆ ಬರುವುದಿಲ್ಲ. ಕುಕ್ಕರ್ ವಿಷಲ್, ಆಟೋ ಹಾರ್ನ್, ನಾಯಿ ಬೊಗಳುವುದು ಇವಕ್ಕೆಲ್ಲ ಈ ಉಪಾಯ ನಡೆಯುವುದೇ ಇಲ್ಲ, ಅವು ಒಂದೇ ಸಮನೆ ಇರುವ ಸದ್ದಲ್ಲ. ಆ ವಾಕ್ಯ ಇನ್ನೊಮ್ಮೆ ಹೇಳಿಸಿ, ಹಳೆಯದನ್ನು ಕತ್ತರಿಸಿ.

ಫ್ಯಾನ್ ಆಫ್ ಮಾಡಿದರೆ ಇನ್ನೂ ಒಳ್ಳೆಯದು ನಿಜ, ಆದರೆ ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ವಯಸ್ಸಾದವರಿಗೆ ಹಾಗೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಅದರ ಬದಲು ಫೋನನ್ನು ಅವರ ಬಾಯಿಗೆ ಒಂದು ಗೇಣು ದೂರಕ್ಕೆ ತನ್ನಿ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಎದುರಿಗೇ ಇಟ್ಟರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಡಬ್ ಅನ್ನುತ್ತದೆ. ಟೀಪಾಯಿ ಮೇಲೆ ದೂರದಲ್ಲಿಟ್ಟರೆ ಹಾಲ್ ಗೋಡೆಗಳ ಪ್ರತಿಧ್ವನಿ ಸೇರುತ್ತದೆ, ಅದನ್ನು ತೆಗೆಯುವುದು ಫ್ಯಾನ್ ತೆಗೆಯುವುದಕ್ಕಿಂತ ಕಷ್ಟ. ಬೆಡ್‌ರೂಮಿನಲ್ಲಿ ಹಾಸಿಗೆ, ಪರದೆ, ಬಟ್ಟೆ ಎಲ್ಲ ಇರುತ್ತವೆ, ಅಲ್ಲೇ ಕೂತರೆ ಅರ್ಧ ಎಡಿಟಿಂಗ್ ಉಳಿಯುತ್ತದೆ.

ಇನ್ನೊಂದು ವಿಷಯ. ಗಿರಣಿಯಲ್ಲಿ ಮಗ್ಗಗಳ ನಡುವೆ ಮಾತಾಡಿ ರೂಢಿಯಾದವರು ಕತೆ ರಂಗೇರಿದಾಗ ದನಿ ಏರಿಸಿಬಿಡುತ್ತಾರೆ. ದನಿಯ ಮಟ್ಟ ತೋರಿಸುವ ಮೀಟರ್ 0 ಮುಟ್ಟಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ದನಿ ಒಡೆದು ಕರಕರ ಅನ್ನುತ್ತದೆ, ಅದನ್ನು ಆಮೇಲೆ ಸರಿ ಮಾಡಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಅವರು ಜೋರಾಗಿ ನಕ್ಕಾಗಲೂ ಮೀಟರ್ ಮೈನಸ್ 6 ದಾಟದಂತೆ ಇಟ್ಟುಕೊಳ್ಳಿ. ಕಡಿಮೆ ಇದ್ದದ್ದನ್ನು ಆಮೇಲೆ ಏರಿಸಬಹುದು. ಮತ್ತೆ ಮೂಲ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟೇ ಕತ್ತರಿ ಹಿಡಿಯಿರಿ.

ಪ್ರಶ್ನೆ: ನಾನು ಮತ್ತು ಗೆಳೆಯ ಸೇರಿ ಕ್ರಿಕೆಟ್ ಬಗ್ಗೆ ಮಾತಾಡುತ್ತೇವೆ. ನಾನು ಚಿತ್ರದುರ್ಗದಲ್ಲಿ, ಅವನು ಬೆಂಗಳೂರಿನಲ್ಲಿ. ಅವನು ತನ್ನ ರೆಕಾರ್ಡಿಂಗನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ನನ್ನ ದನಿ ಜೋರು, ಅವನದು ಸಣ್ಣ. ಜೊತೆಗೆ ಎಪಿಸೋಡಿನ ಕೊನೆಗೆ ಬರುವಾಗ ಅವನ ಉತ್ತರ ತಡವಾಗಿ ಬೀಳುತ್ತದೆ.
— ಬಿ.ಕಾಂ. ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಮೊದಲು ವಾಟ್ಸಾಪ್. ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ದನಿ ವಿಪರೀತ ಕುಗ್ಗುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿ ಆ ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಇದ್ದ ಹಾಗೇ ಬರುತ್ತದೆ.

ತಡವಾಗುವುದು ಯಾಕೆಂದರೆ ಎರಡು ಫೋನುಗಳ ಒಳಗಿನ ಗಡಿಯಾರ ಕೂದಲೆಳೆಯಷ್ಟು ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಐದು ನಿಮಿಷಕ್ಕೆ ಗೊತ್ತಾಗುವುದಿಲ್ಲ, ಗಂಟೆಗಟ್ಟಲೆ ಹರಟೆ ಹೊಡೆದರೆ ಗೊತ್ತಾಗುತ್ತದೆ. ಇಬ್ಬರೂ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಅಲೆಯಲ್ಲಿ ಅದು ಚೂಪಾಗಿ ಕಾಣುತ್ತದೆ, ಮೊದಲ ಚಪ್ಪಾಳೆಗಳನ್ನು ಹೊಂದಿಸಿ, ಕೊನೆಯಲ್ಲಿ ಎಷ್ಟು ತಪ್ಪಿದೆ ನೋಡಿ, ಮಾತಿನ ಮಧ್ಯೆ ಮೌನ ಇರುವ ಕಡೆ ಅವನ ಟ್ರ್ಯಾಕ್ ಸೀಳಿ ಅಷ್ಟಷ್ಟೇ ಹಿಂದಕ್ಕೆ ಎಳೆಯಿರಿ.

ದನಿಯ ಮಟ್ಟಕ್ಕೆ ಬಂದರೆ, ಎರಡು ಟ್ರ್ಯಾಕ್ ಒಟ್ಟು ಸೇರಿಸುವ ಮುಂಚೆ ಒಂದೊಂದನ್ನೂ ಬೇರೆ ಬೇರೆಯಾಗಿ ಸರಿ ಮಾಡಿ. ಸೇರಿಸಿದ ಮೇಲೆ ಏರಿಸಿದರೆ ಇಬ್ಬರೂ ಏರುತ್ತೀರಿ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಮೊದಲು ಕೆಳಗಿನ ದಪ್ಪ ಸದ್ದನ್ನು ತಗ್ಗಿಸುವ ಹೈ-ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಹಾಕಿ, ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವುದು ಅದರಲ್ಲೇ ಬಹಳಷ್ಟು ಇಳಿಯುತ್ತದೆ. ನಾಯ್ಸ್ ರಿಡಕ್ಷನ್ ಬೇಕಿದ್ದರೆ ಈಗಲೇ ಮಾಡಿ, ಕಂಪ್ರೆಸರ್ ಆದ ಮೇಲಲ್ಲ. ಕಂಪ್ರೆಸರ್ ಜೋರು ದನಿಯನ್ನು ಅದುಮಿ ಸಣ್ಣ ದನಿಯನ್ನು ಮೇಲೆತ್ತುವಾಗ ಹಿಂದಿನ ಗದ್ದಲವನ್ನೂ ಜೊತೆಗೇ ಎತ್ತಿಬಿಡುತ್ತದೆ. ಅದುಮುವುದು ಶುರುವಾಗುವ ಗೆರೆ, ಅಂದರೆ ಥ್ರೆಶೋಲ್ಡ್, ಮೈನಸ್ 18 ಡೆಸಿಬೆಲ್, ಎಷ್ಟು ಅದುಮಬೇಕು ಅನ್ನುವ ರೇಶಿಯೋ 3:1 ಇಟ್ಟು ಶುರು ಮಾಡಿ. ಅಂದರೆ ಆ ಗೆರೆಯಿಂದ ಮೇಲೆ 3 ಡೆಸಿಬೆಲ್ ಏರಿದ ದನಿ 1 ಡೆಸಿಬೆಲ್ ಮಾತ್ರ ಏರಿದಂತೆ ಹೊರಗೆ ಬರುತ್ತದೆ. ಕೊನೆಗೆ ಎರಡೂ ಟ್ರ್ಯಾಕ್ ಒಂದೇ ಲೌಡ್‌ನೆಸ್‌ಗೆ ತನ್ನಿ, ಸೇರಿಸಿ, ಪೂರ್ತಿ ಎಪಿಸೋಡನ್ನು ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್‌ಗೆ ನಿಲ್ಲಿಸಿ. ಒಟ್ಟಾರೆ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದರ ಅಳತೆ ಅದು. ಆ್ಯಪಲ್ ಪಾಡ್‌ಕಾಸ್ಟ್ ಬಯಸುವುದು ಆ ಮಟ್ಟವನ್ನೇ, ತುದಿ ಮೈನಸ್ 1 ಡೆಸಿಬೆಲ್ ದಾಟಬಾರದು ಅಂತಲೂ ಹೇಳುತ್ತದೆ. ಸ್ಪಾಟಿಫೈ ಮೈನಸ್ 14 ಅನ್ನುತ್ತದೆ. ಅದಕ್ಕೊಂದು ಇದಕ್ಕೊಂದು ಮಾಡುತ್ತಾ ಕೂರಬೇಡಿ, 16 ಸಾಕು. ಮೊನೊ, ಅಂದರೆ ಒಂದೇ ಚಾನೆಲ್‌ನ ಫೈಲ್ ಆದರೆ ಮೊನೊವನ್ನು ಡ್ಯುಯಲ್ ಮೊನೊ ಎಂದು ಪರಿಗಣಿಸುವ ಆಯ್ಕೆಗೆ ಟಿಕ್ ಹಾಕುವುದು ಮರೆಯಬೇಡಿ.

ಇದೆಲ್ಲ ಬೇಡ ಅನ್ನಿಸಿದರೆ ಆಫೋನಿಕ್ ಅನ್ನುವ ಆನ್‌ಲೈನ್ ಸೇವೆ ಇದೆ, ತಿಂಗಳಿಗೆ 2 ಗಂಟೆ ಆಡಿಯೋ ಉಚಿತ. ಕೆಲಸ ಅಚ್ಚುಕಟ್ಟು. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಿ ಅನ್ನುತ್ತೇನೆ, ಎಲ್ಲಿ ಏನು ಹಾಳಾಗುತ್ತದೆ ಅಂತ ಕಿವಿಗೆ ಆಗ ತಿಳಿಯುತ್ತದೆ.

ಪ್ರಶ್ನೆ: ಕೋಟೆಯ ಮೇಲೆ ನಿಂತು ಒನಕೆ ಓಬವ್ವನ ಬಗ್ಗೆ ರೆಕಾರ್ಡ್ ಮಾಡಿದೆವು. ಬರೀ ಗಾಳಿ. ಉಳಿಸಬಹುದಾ?
— ಕೋಟೆ ನೋಡಲು ಬಂದಿದ್ದ ಗೆಳೆಯರು, ಜಗಳೂರು

ಉತ್ತರ: ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಹೈ-ಪಾಸ್ 120ರವರೆಗೆ ಏರಿಸಿ ನೋಡಿ, ಗೊರಗೊರ ಸ್ವಲ್ಪ ಇಳಿಯುತ್ತದೆ. ಗಾಳಿ ಬಡಿದು ಮಾತೇ ತುಂಡಾದ ಕಡೆ ಏನೂ ಮಾಡಲಾಗದು. ಮಾತನ್ನು ಮನೆಯಲ್ಲಿ ಮತ್ತೆ ಹೇಳಿ, ಕೋಟೆಯ ರೆಕಾರ್ಡಿಂಗಿನಲ್ಲಿ ಗಾಳಿ ಹದವಾಗಿ ಬಂದ ಭಾಗ ಹುಡುಕಿ ಮಾತಿನ ಕೆಳಗೆ ತೀರಾ ಸಣ್ಣಗೆ ಹಾಕಿ. ಕೋಟೆಯಲ್ಲೇ ನಿಂತ ಹಾಗಿರುತ್ತದೆ. ಮತ್ತೆ ಹೋದಾಗ ಯಾವುದಾದರೂ ಬತೇರಿ ಮರೆಗೆ ನಿಲ್ಲಿ, ಮೈಕಿಗೆ ತುಪ್ಪಳದ ಕವರ್ ಹಾಕಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ವಚನಗಳ ಬಗ್ಗೆ ಮಾತಾಡುತ್ತೇನೆ. ‘ಅಂದರೆ’, ‘ಏನಪ್ಪಾ ಅಂದ್ರೆ’, ಕೆಮ್ಮು, ಉಸಿರು ಎಲ್ಲ ತೆಗೆದು ಎಡಿಟ್ ಮಾಡಿದರೆ ಮೊಮ್ಮಗಳು “ತಾತಾ, ಇದು ನೀನಲ್ಲ” ಅಂದಳು.
— ಹೊಳಲ್ಕೆರೆ

ಉತ್ತರ: ಮೊಮ್ಮಗಳ ಕಿವಿ ಚೆನ್ನಾಗಿದೆ ಮೇಷ್ಟ್ರೇ. ಕೆಮ್ಮು ತೆಗೆಯಿರಿ. ಒಂದೇ ವಾಕ್ಯ ಎರಡು ಸಲ ಬಂದಿದ್ದರೆ ಒಂದು ತೆಗೆಯಿರಿ. ‘ಏನಪ್ಪಾ ಅಂದ್ರೆ’ ಹತ್ತರಲ್ಲಿ ಆರು ಉಳಿಯಲಿ. ಯೋಚನೆ ತಿರುಗುವ ಕಡೆ ನೀವು ಅದನ್ನು ಹೇಳುತ್ತೀರಿ, ಕೇಳುವವರೂ ಅಲ್ಲೇ ಕಿವಿ ನಿಮಿರಿಸುತ್ತಾರೆ. ವಚನ ಓದಿದ ಮೇಲಿನ ಮೌನವನ್ನಂತೂ ಮುಟ್ಟಲೇಬೇಡಿ.

ಉಸಿರನ್ನು ಪೂರ್ತಿ ಅಳಿಸಿದರೆ ಯಂತ್ರ ಮಾತಾಡಿದಂತಾಗುತ್ತದೆ. ಜೋರಾದ ಉಸಿರನ್ನಷ್ಟೇ ಆರಿಸಿ 6ರಿಂದ 10 ಡೆಸಿಬೆಲ್ ತಗ್ಗಿಸಿ. ಮೌನ ಕತ್ತರಿಸುವ ಟ್ರಂಕೇಟ್ ಸೈಲೆನ್ಸ್ ಬಳಸುವುದಾದರೆ ಒಂದು ಸೆಕೆಂಡಿಗಿಂತ ಉದ್ದದ ಮೌನಕ್ಕೆ ಮಾತ್ರ ಹಾಕಿ, ಅದೂ ವಚನ ಓದುವ ಭಾಗ ಬಿಟ್ಟು. ಅವಸರಕ್ಕೆ ತೀರಾ ಚಿಕ್ಕ ಅಳತೆ ಕೊಟ್ಟರೆ ಕನ್ನಡಕ್ಕೆ ಪೆಟ್ಟು. ‘ಅಕ್ಕ’, ‘ಬತ್ತಿ’, ‘ತಪ್ಪು’ ಅನ್ನುವಾಗ ಒತ್ತಕ್ಷರದ ಮುಂಚೆ ಉಸಿರು ತಡೆದು ಒಂದು ಚೂರು ಮೌನ ಇರುತ್ತದೆ. ಸಾಫ್ಟ್‌ವೇರ್ ಅದನ್ನೂ ಖಾಲಿ ಜಾಗ ಅಂತ ನುಂಗುತ್ತದೆ.

ಕತ್ತರಿಸಿದ ಕಡೆ ಟಕ್ ಅಂದರೆ, ಕತ್ತರಿಸುವ ಮುಂಚೆ ಆಡಾಸಿಟಿಯಲ್ಲಿ ಝಡ್ ಕೀ ಒತ್ತಿ. ಆಯ್ಕೆಯ ಎರಡೂ ತುದಿ ಅಲೆ ಶೂನ್ಯ ದಾಟುವ ಜಾಗಕ್ಕೆ ಸರಿಯುತ್ತವೆ, ಟಕ್ ಸದ್ದು ಬಹುಮಟ್ಟಿಗೆ ಹೋಗುತ್ತದೆ. ಮಧ್ಯೆ ಖಾಲಿ ಜಾಗ ತುಂಬಬೇಕಿದ್ದರೆ ಪೂರ್ತಿ ನಿಶ್ಶಬ್ದ ಹಾಕಬೇಡಿ, ನಿಮ್ಮ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನು ಅಂಟಿಸಿ.

ಪ್ರಶ್ನೆ: ಶುರುವಿಗೆ ಹಳೇ ಸಿನಿಮಾ ಹಾಡಿನ ಹತ್ತು ಸೆಕೆಂಡು ಹಾಕಿದರೆ ತೊಂದರೆ ಇಲ್ಲ ಅಂತಾರೆ, ಹೌದಾ? ಫೈಲ್ ಯಾವುದರಲ್ಲಿ ಮಾಡಲಿ?
— ಹರಿಹರ

ಉತ್ತರ: ಇಲ್ಲ. ಹತ್ತು ಸೆಕೆಂಡು, ಮೂವತ್ತು ಸೆಕೆಂಡು ಅಂತ ಯಾವ ವಿನಾಯಿತಿಯೂ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ. ಧ್ವನಿಮುದ್ರಣಕ್ಕೆ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಬೇರೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ. 12ನೇ ಶತಮಾನದ ವಚನದ ಸಾಲಿಗೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿದ ಗಾಯಕರ ಕ್ಯಾಸೆಟ್ಟಿಗೆ ಇದೆ. ನಿಮ್ಮೂರಲ್ಲೇ ಸೋಬಾನೆ ಪದ ಹೇಳುವವರು ಇರುತ್ತಾರೆ, ಒಪ್ಪಿಗೆ ಬರೆಸಿಕೊಂಡು ಅವರಿಂದ ಹೇಳಿಸಿ. ಯಾವ ಸಿನಿಮಾ ಹಾಡಿಗಿಂತಲೂ ಚೆನ್ನಾಗಿರುತ್ತದೆ.

ಎಡಿಟ್ ಮಾಡುವಾಗ ದನಿಯನ್ನು ಕುಗ್ಗಿಸದ ವೇವ್ (WAV) ಫೈಲ್, ಹೊರಗೆ ಬಿಡುವಾಗ ಎಂಪಿ3. ಬರೀ ಮಾತಾದರೆ ಮೊನೊ, 96 ಕೆಬಿಪಿಎಸ್ ಸಾಕು. ಅರ್ಧ ಗಂಟೆಯ ಎಪಿಸೋಡು ಸುಮಾರು 22 ಎಂಬಿ ಆಗುತ್ತದೆ. ಅದೇ ವೇವ್‌ನಲ್ಲಿ ನಿಮಿಷಕ್ಕೇ 5 ಎಂಬಿ ದಾಟುತ್ತದೆ, ಡೇಟಾ ಎಣಿಸಿ ಖರ್ಚು ಮಾಡುವ ಕೇಳುಗರಿಗೆ ಯಾಕೆ ಆ ಹೊರೆ. ಅಪ್‌ಲೋಡ್ ಮಾಡುವ ಮುಂಚೆ ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಹಾಕಿ, ಸಿಂಕ್‌ನಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಾ ಕೇಳಿ. ಯಾವ ಮಾತು ತಪ್ಪಿತೋ ಆ ಜಾಗದ ನಿಮಿಷ ಸೆಕೆಂಡು ಬರೆದುಕೊಂಡು ಅಷ್ಟನ್ನೇ ಮತ್ತೆ ಸರಿ ಮಾಡಿ.