ಲಂಡನ್‌ಗೆ ಹೊರಟ ಕೆತ್ತನೆಗೆ ಯಾವ ತೆರಿಗೆ?

ಪ್ರಶ್ನೆ: ಸಾಗರದಲ್ಲಿ ಮರದ ಕೆತ್ತನೆ ಮಾರುತ್ತೇವೆ, ಜಿಎಸ್‌ಟಿ ನೋಂದಣಿ ಇದೆ. ನಮ್ಮದೇ ವೆಬ್‌ಸೈಟಿಗೆ ಹೈದರಾಬಾದ್, ಲಂಡನ್‌ನಿಂದ ಆರ್ಡರ್ ಬಂದಿವೆ. ತೆರಿಗೆ ಹೇಗೆ ಹಾಕಬೇಕು?

ಉತ್ತರ: ಸಾಮಾನ್ಯವಾಗಿ ಸರಕು ತಲುಪುವ ವಿಳಾಸವೇ ಆಧಾರ. ರಾಜ್ಯದೊಳಗೇ ಇರುವ ಶಿವಮೊಗ್ಗಕ್ಕಾದರೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅರ್ಧರ್ಧ, ಹೊರರಾಜ್ಯದ ಹೈದರಾಬಾದಿಗೆ ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ).

ರಫ್ತಿಗೆ ಶೂನ್ಯ ದರ. ಆದರೆ ಸರಕು ಹೊರಡುವ ಮೊದಲೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿರಬೇಕು. ಇಲ್ಲದಿದ್ದರೆ ಐಜಿಎಸ್‌ಟಿ ಕಟ್ಟಿ ಮರುಪಾವತಿಗೆ ಕಾಯಬೇಕು. ಎಲ್‌ಯುಟಿಯ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹೊಸ ಹಣಕಾಸು ವರ್ಷಕ್ಕೆ ಹೊಸದೇ ಬೇಕು. ಐಇಸಿ (ಆಮದು-ರಫ್ತುದಾರರ ಕೋಡ್) ಸಂಖ್ಯೆಯೂ ಇರಲಿ.

ಬ್ರಿಟನ್ನಿನ ವ್ಯಾಟ್ ಬೇರೆ ಲೆಕ್ಕ. ಪಾರ್ಸೆಲಿನ ಸರಕಿನ ಮೌಲ್ಯ 135 ಪೌಂಡ್ ಮೀರದಿದ್ದರೆ ನೀವೇ ಅಲ್ಲಿ ನೋಂದಾಯಿಸಿಕೊಂಡು, ಮಾರುವಾಗಲೇ ಶೇ. 20 ವಸೂಲು ಮಾಡಬೇಕು. ಮೀರಿದರೆ ಆಮದಿನ ವೇಳೆ ತೆರಿಗೆ ಬೀಳುತ್ತದೆ. ಗಿರಾಕಿಗೆ ಮೊದಲೇ ತಿಳಿಸಿ. ದಯವಿಟ್ಟು ‘ಉಡುಗೊರೆ’ ಎಂದು ಬರೆಯಬೇಡಿ, ಅದು ಸುಳ್ಳು ಘೋಷಣೆ. ಕಸ್ಟಮ್ಸ್‌ನವರು ಪಾರ್ಸೆಲ್ ತಡೆಹಿಡಿಯಬಹುದು.