ರೂಟ್ ಮಾಡದೆಯೂ ಹೊಸ ಆಂಡ್ರಾಯ್ಡ್

ಪ್ರಶ್ನೆ: ನನ್ನ ಹಳೆಯ ಫೋನಿಗೆ ಅಪ್‌ಡೇಟ್ ಬರುವುದು ನಿಂತಿದೆ. ರೂಟ್ ಮಾಡಿ ಲಿನಿಯೇಜ್ ಓಎಸ್ ಎಂಬ ಬದಲಿ ಆಂಡ್ರಾಯ್ಡ್ ಹಾಕಿಕೊಳ್ಳಲು ಗೆಳೆಯರು ಹೇಳುತ್ತಾರೆ. ಹಾಕಬಹುದೇ?

ಉತ್ತರ: ನಿಮ್ಮ ಗೆಳೆಯರು ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಭಾವಿಸಿದಂತಿದೆ. ರೂಟ್ ಮಾಡುವುದೆಂದರೆ ಫೋನಿನಲ್ಲಿ ಈಗಿರುವ ವ್ಯವಸ್ಥೆಯ ಮೇಲೆ ಪೂರ್ಣ ಅಧಿಕಾರ ಪಡೆಯುವುದು. ಲಿನಿಯೇಜ್‌ನಂಥ ಕಸ್ಟಮ್ ರಾಮ್ (ROM, ತಯಾರಕರದಲ್ಲದ ಬದಲಿ ವ್ಯವಸ್ಥೆ) ಹಾಕುವುದೆಂದರೆ ಆ ವ್ಯವಸ್ಥೆಯನ್ನೇ ಬದಲಿಸುವುದು. 2016ರ ಕೊನೆಯಲ್ಲಿ ಸಯನೋಜೆನ್‌ಮಾಡ್ ಎಂಬ ಹಿಂದಿನ ಕಸ್ಟಮ್ ರಾಮ್ ನಿಂತಾಗ ಅದರ ಮುಂದುವರಿಕೆಯಾಗಿ ಹುಟ್ಟಿದ ಲಿನಿಯೇಜ್ ಓಎಸ್‌ಗೆ ರೂಟ್ ಬೇಕಿಲ್ಲ, ಬೂಟ್‌ಲೋಡರ್ (ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಚಾಲೂ ಮಾಡುವ ತಂತ್ರಾಂಶ) ಅನ್‌ಲಾಕ್ ಆಗಿರಬೇಕು, ಅಷ್ಟೆ. ಕೆಲವು ತಯಾರಕರು ಅದಕ್ಕೇ ಅವಕಾಶ ಕೊಡುವುದಿಲ್ಲ.

ಅನ್‌ಲಾಕ್ ಮಾಡಿದಾಗ ಫೋನಿನೊಳಗಿನ ಫೋಟೊ, ಸಂದೇಶಗಳೆಲ್ಲ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಇದು ದೋಷವಲ್ಲ, ಕದ್ದ ಫೋನಿನಿಂದ ಯಾರೂ ಮಾಹಿತಿ ತೆಗೆಯದಿರಲೆಂದು ಮಾಡಿರುವ ಏರ್ಪಾಡು. ಮೊದಲೇ ಬ್ಯಾಕಪ್ ಮಾಡಿಕೊಳ್ಳಿ. ನಂತರ ಫೋನ್ ಆನ್ ಆಗುವಾಗಲೆಲ್ಲ ಎಚ್ಚರಿಕೆಯ ಪರದೆ ಮೂಡಿದರೆ ಗಾಬರಿ ಬೇಡ.

ನನ್ನ ಮಟ್ಟಿಗೆ ದೊಡ್ಡ ತೊಡಕು ಬ್ಯಾಂಕ್ ಆ್ಯಪ್‌ಗಳದು: ಮೂಲ ವ್ಯವಸ್ಥೆ ಬದಲಾಗಿರುವುದನ್ನು ಪತ್ತೆಹಚ್ಚಿ ಅವು ತೆರೆದುಕೊಳ್ಳದೆ ಇರಬಹುದು. ಹಣದ ವ್ಯವಹಾರವೆಲ್ಲ ಈ ಫೋನಿನಲ್ಲೇ ನಡೆಯುತ್ತಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಹಾಕುವುದಾದರೆ ಸೆಟ್ಟಿಂಗ್ಸ್‌ನಲ್ಲಿರುವ ಮಾದರಿ ಸಂಖ್ಯೆಯನ್ನು ಲಿನಿಯೇಜ್ ಕಡತ ಯಾವ ಮಾದರಿಗೆಂದು ಇದೆಯೋ ಅದರೊಂದಿಗೆ ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ. ಹೆಸರು ಒಂದೇ ಆದರೂ ಯಂತ್ರಾಂಶ ಬೇರೆಯಿರುವ ಮಾದರಿಯ ಕಡತವನ್ನು ಹಾಕಿದರೆ ಫೋನ್ ಆನ್ ಆಗದೆ ಉಳಿಯಬಹುದು.