ತಪಾಸಣೆಗೆ ಒಂದು ಅಳತೆ, ನ್ಯಾಯಾಲಯಕ್ಕೆ ಇನ್ನೊಂದು

ಪ್ರಶ್ನೆ: ಚಿಂತಾಮಣಿಯಲ್ಲಿ 20 ಹಾಸಿಗೆಗಳ ನರ್ಸಿಂಗ್ ಹೋಂ ಒಂದರ ಆಡಳಿತ ನೋಡಿಕೊಳ್ಳುತ್ತಿದ್ದೇನೆ. ವೈದ್ಯರ ಸಂಘಗಳು, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮೊದಲಾದ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ಮಾನದಂಡಗಳನ್ನು ಪರಿಷ್ಕರಿಸುತ್ತವೆ. ಸರ್ಕಾರದ ನಿಯಮ ಮಾತ್ರ ಹಳೆಯದೇ ಇರುತ್ತದೆ. ನಮ್ಮ ನೋಂದಣಿ 5 ವರ್ಷಕ್ಕೆ ಇದೆ. ಅಲ್ಲಿಯವರೆಗೆ ನಿಯಮದಲ್ಲಿರುವಷ್ಟನ್ನು ಪಾಲಿಸಿದರೆ ಸಾಲದೆ?

ಉತ್ತರ: ಸಾಲದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರದಿಂದ ತಪಾಸಣೆಗೆ ಬಂದವರು ನಿಮ್ಮನ್ನು ಅಳೆಯುವುದು ಜಾರಿಯಲ್ಲಿರುವ ನಿಯಮದಿಂದ, ನಿಜ. ಆದರೆ ರೋಗಿಯ ಕಡೆಯವರು ನಿರ್ಲಕ್ಷ್ಯದ ದೂರು ಕೊಟ್ಟರೆ ಅಳತೆಗೋಲು ಬದಲಾಗುತ್ತದೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದಂತೆ, ವೈದ್ಯರು ವಹಿಸಿದ ಎಚ್ಚರವನ್ನು ಘಟನೆ ನಡೆದ ದಿನ ಲಭ್ಯವಿದ್ದ ಜ್ಞಾನದ ಬೆಳಕಿನಲ್ಲಿ ತೂಗಬೇಕೇ ಹೊರತು ವಿಚಾರಣೆಯ ದಿನದ ಜ್ಞಾನದಿಂದಲ್ಲ. ಮುಂದೆ ಬಂದ ಮಾನದಂಡವನ್ನು ಹಿಂದಿನ ಚಿಕಿತ್ಸೆಗೆ ಅನ್ವಯಿಸುವಂತಿಲ್ಲ ಎಂಬ ರಕ್ಷಣೆ ಇದರಲ್ಲಿದೆ. ಆದರೆ ಆ ದಿನ ವೃತ್ತಿಯಲ್ಲಿ ಎಲ್ಲರೂ ಒಪ್ಪಿದ್ದ ಕ್ರಮವನ್ನು ಬಿಟ್ಟು, ನಿಯಮದಲ್ಲಿ ಇರಲಿಲ್ಲ ಎಂದು ನುಣುಚಿಕೊಳ್ಳಲು ಆಸ್ಪದವಿಲ್ಲ.

ಇನ್ನು, ನಿಯಮವು ಎಂದೂ ಹಳೆಯದೇ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಕಾಯ್ದೆಗಳು ನಿಧಾನವೇ: 1976ರ ಖಾಸಗಿ ನರ್ಸಿಂಗ್ ಹೋಂ ಕಾಯ್ದೆಯ ಜಾಗಕ್ಕೆ ಈಗಿನ ಕಾಯ್ದೆ ಬಂದದ್ದು 2007ರಲ್ಲಿ, ಅದಕ್ಕೆ ದೊಡ್ಡ ತಿದ್ದುಪಡಿಯಾದದ್ದು 2017ರಲ್ಲಿ. ಅಧಿಸೂಚನೆಯ ಮೂಲಕ ಬದಲಾಗುವ ನಿಯಮಗಳ ಕಥೆ ಬೇರೆ. ಜೈವಿಕ ವೈದ್ಯಕೀಯ ತ್ಯಾಜ್ಯದ 1998ರ ನಿಯಮಗಳಲ್ಲಿ ತ್ಯಾಜ್ಯವನ್ನು 10 ವರ್ಗಗಳಾಗಿ ವಿಂಗಡಿಸಲಾಗಿತ್ತು. 2016ರ ನಿಯಮಗಳು ಅದನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳಿಗೆ ಇಳಿಸಿದವು. ಒಡೆದ ಗಾಜು, ಔಷಧದ ಖಾಲಿ ವಯಲ್‌ಗಳನ್ನು ನೀಲಿ ಗುರುತಿನ ರಟ್ಟಿನ ಪೆಟ್ಟಿಗೆಗೆ ಹಾಕಬೇಕೆಂದು ಆಗ ಇತ್ತು. ರಟ್ಟು ನೆನೆದರೆ ತಳ ಕಿತ್ತುಬರುತ್ತದೆ, ಚೂಪಾದ ಚೂರು ಹೊತ್ತೊಯ್ಯುವವರ ಕೈಗೆ ಚುಚ್ಚುತ್ತದೆ. ಎರಡೇ ವರ್ಷದಲ್ಲಿ, 2018ರ ತಿದ್ದುಪಡಿಯಲ್ಲಿ, ಚುಚ್ಚಿದರೂ ತೂತಾಗದ, ಸೋರದ ಡಬ್ಬಿಯೇ ಆಗಬೇಕೆಂದು ಬದಲಾಯಿತು. ಆದರೂ ವಾರ್ಡಿನ ಗೋಡೆಗೆ 2016ರಲ್ಲಿ ಅಂಟಿಸಿದ ಚಾರ್ಟನ್ನು ಹಾಗೆಯೇ ಬಿಟ್ಟು, ಸಲೈನ್ ಬಾಟಲಿ ಬಂದ ರಟ್ಟಿನ ಪೆಟ್ಟಿಗೆಗೆ ನೀಲಿ ಟೇಪ್ ಸುತ್ತಿ ಇಟ್ಟುಕೊಂಡಿರುವ ಆಸ್ಪತ್ರೆಗಳನ್ನು ಕಂಡಿದ್ದೇನೆ. ಅಲ್ಲಿ ಹಿಂದುಳಿದದ್ದು ಸರ್ಕಾರವಲ್ಲ.

ಆದ್ದರಿಂದ ನಿಮ್ಮಲ್ಲಿ ಒಬ್ಬರಿಗೆ, ಸಾಧ್ಯವಾದರೆ ಹಿರಿಯ ಸಿಸ್ಟರ್ ಒಬ್ಬರಿಗೆ, ಅಧಿಸೂಚನೆ ಮತ್ತು ಸುತ್ತೋಲೆಗಳನ್ನು ನೋಡಿ ಕಾರ್ಯವಿಧಾನದ ಕಡತವನ್ನು ತಿದ್ದುವ ಹೊಣೆ ವಹಿಸಿರಿ. ಪ್ರತಿ ಪುಟದ ಮೇಲೆ ತಿದ್ದಿದ ದಿನಾಂಕವಿರಲಿ. ಹಳೆಯ ಪುಟವನ್ನು ಹರಿದುಹಾಕದೆ ಬೇರೆ ಕಡತದಲ್ಲಿ ಇಡಿ; ಮೇಲೆ ಹೇಳಿದ ಘಟನೆಯ ದಿನದ ಪ್ರಶ್ನೆ ಬಂದಾಗ ನೆರವಿಗೆ ಬರುವುದು ಅದೇ. ನಿಯಮಕ್ಕಿಂತ ಹೆಚ್ಚು ಎಚ್ಚರ ವಹಿಸಲು ಯಾರ ಅನುಮತಿಯೂ ಬೇಡ. ಆದರೆ ಸಂಘದವರು ಅನವಶ್ಯಕ ಎಂದರೆಂದು ಕಾನೂನು ಕೇಳುವುದನ್ನು ಕೈಬಿಡುವಂತಿಲ್ಲ: ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ತುಂಬಬೇಕಾದ ಫಾರ್ಮ್ ಎಫ್ ಬಗ್ಗೆ ವೈದ್ಯರಲ್ಲಿ ಎಷ್ಟೇ ಬೇಸರವಿದ್ದರೂ ಅದನ್ನು ತುಂಬಲೇಬೇಕು.

ಎನ್‌ಎಬಿಎಚ್ ಪುಸ್ತಕವನ್ನೇ ಇಡಿಯಾಗಿ ನಿಯಮವಾಗಿಸಬೇಕೆಂಬ ವಾದವೂ ಕೇಳಿಬರುತ್ತದೆ. ನನಗದು ಸರಿಕಾಣದು. ಸ್ವಇಚ್ಛೆಯಿಂದ ಪಡೆಯುವ ಮಾನ್ಯತೆಯನ್ನು ಕಡ್ಡಾಯ ಮಾಡಿದರೆ ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳ ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕಬಹುದು. ಸಾಧಿಸಬೇಕಾದ ಸುರಕ್ಷತೆಯನ್ನು ನಿಯಮ ಹೇಳಲಿ, ಡಬ್ಬಿ ಯಾವುದು, ಔಷಧ ಯಾವುದು ಎಂಬ ವಿವರ ಸುಲಭವಾಗಿ ತಿದ್ದಬಹುದಾದ ಅನುಸೂಚಿಯಲ್ಲಿರಲಿ. ಕರಡು ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತಾರೆ; ಆ ಅವಧಿಯೊಳಗೆ ಉಪನಿಯಮದ ಸಂಖ್ಯೆ ನಮೂದಿಸಿ, ಅದರ ಬದಲು ಏನಿರಬೇಕೆಂಬ ವಾಕ್ಯವನ್ನು ನೀವೇ ಬರೆದು, 20 ಹಾಸಿಗೆಯ ಆಸ್ಪತ್ರೆಯಲ್ಲಿ ಅದು ಹೇಗೆ ಜಾರಿಯಾದೀತೆಂಬುದನ್ನು ತಿಳಿಸಿ ಕಳುಹಿಸಿ.